ಮಾವಶಿಯ ಮುರಿದ ಉಪವಾಸ

ಮೊನ್ನೆ ಏಕಾದಶಿಗೆಂದು ನಿಮ್ಮ ಅಮ್ಮ ಶೇಂಗಾ ಹುರಿಯುತ್ತಿದ್ದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ನಾನು ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತೆ. "ಆಯಿ, ಏನಾತು?" ಎಂದು ನಿಮ್ಮಲ್ಲಿ ಚಿಕ್ಕವಳು ಕೇಳಿದಳು. ಎದುರಿಗೆ ಕುಳಿತು ಹೇಳಲು ನನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ...

ಎರಡು ಸಾವಿರದ ಇಸವಿಯ ಆಸುಪಾಸು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಖಾನಾಪುರದ ಕಡೆಯ ನಮ್ಮ ಹಳ್ಳಿ ಬಿಟ್ಟು, ನಿಮ್ಮ ಅಪ್ಪನನ್ನು ಕರೆದುಕೊಂಡು ಬೆಳಗಾವಿಗೆ ಬಂದೆ. ಅಲ್ಲಿಯ ಅನಗೋಳದಲ್ಲಿದ್ದ ನನ್ನ ಅಣ್ಣನ ಮನೆಯಲ್ಲಿ ಉಳಿದೆವು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಎದುರಾಗಬಾರದೆಂದು ಅಡುಗೆಮನೆಯಲ್ಲೇ ನಿಂತುಬಿಡುತ್ತಿದ್ದೆ. ಹಬ್ಬದ ಅಡುಗೆಗೆ ಕೈ ಹಚ್ಚುತ್ತಿರಲಿಲ್ಲ. ಬೇಡವೆಂದು ಯಾರೂ ಅಂದಿರಲಿಲ್ಲ. ಹಚ್ಚು ಎಂದೂ ಅಂದಿರಲಿಲ್ಲ.

ಹಿತ್ತಲ ಗೋಡೆಯ ಆಚೆ ಒಂದು ಕ್ರಿಶ್ಚಿಯನ್ನರ ಮನೆ. ಆ ಮನೆಯೊಡತಿಯನ್ನು ಓಣಿಯವರೆಲ್ಲ ಚಿಕ್ಕಮ್ಮನಂತೆ ಕಂಡು ಮಾವಶಿ ಎನ್ನುತ್ತಿದ್ದರು. ಅವರ ತವರು ಖಾನಾಪುರ, ಹಾಗಾಗಿ ನನ್ನ ಮೇಲೆ ತುಸು ಸಲುಗೆ. ಆ ವರ್ಷ ಅವರ ಯಜಮಾನರಿಗೆ, ನಾವು ಕಾಕಾ ಎನ್ನುತ್ತಿದ್ದವರಿಗೆ, ಹೃದಯದ ಆಪರೇಶನ್ ಆಗಬೇಕೆಂದು ಡಾಕ್ಟರು ಹೇಳಿದ್ದರು.

ಒಂದು ಬುಧವಾರ ಮಾವಶಿ ಹಣೆಯ ಮೇಲೆ ಬೂದಿ ಹೊತ್ತು ಚರ್ಚಿನಿಂದ ಬಂದರು.

"ನಿಮ್ಮಲ್ಲೂ ವಿಭೂತಿ ಐತೇನ್ರಿ ಮಾವಶಿ?" ಎಂದೆ.

"ಐತಲ್ಲ! ಮಣ್ಣಿನಿಂದ ಬಂದಿ, ಮಣ್ಣಿಗೇ ಹೋಗ್ತಿ ಅಂತ ನೆನಪು ಮಾಡಿ ಹಚ್ಚತಾರ ಫಾದರ್. ಇವತ್ತಿಂದ ಈಸ್ಟರ್ ತನಾ ನಮಗ ಉಪಾಸದ ಕಾಲ, ತಂಗಿ."

ಅಂದಿನಿಂದ ಮಟನ್, ಮೀನು ಬಿಟ್ಟರು. ಜೀವದಂತಿದ್ದ ಚಹಾ ಬಿಟ್ಟು, ಉಳಿದ ಸಕ್ಕರೆಯನ್ನು ಬಡವರಿಗೆಂದು ತೆಗೆದಿಟ್ಟರು. ಶುಕ್ರವಾರಗಳಲ್ಲಿ ಚರ್ಚಿಗೆ ಹೋಗಿ, ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಚಿತ್ರಗಳ ಮುಂದೆ ಮೊಣಕಾಲೂರಿ ಬರುತ್ತಿದ್ದರು. "ನಮ್ಮ ತಪ್ಪು ತಿದ್ದಿಕೊಳ್ಳಾಕ ಮಾಡೂದಿದು. ಈ ಸಲ ಇವರ ಸಲುವಾಗಿನೂ ಬೇಡಕೊಂಡೀನಿ" ಎಂದಿದ್ದರು.

ಗುಡ್ ಫ್ರೈಡೇ, ಯೇಸು ಪ್ರಾಣ ಬಿಟ್ಟ ದಿನ, ದೊಡ್ಡ ಉಪವಾಸವೆಂದು ನನಗೆ ಗೊತ್ತಿತ್ತು. ಆದರೆ ನಮ್ಮಲ್ಲಿ ಉಪವಾಸವೆಂದರೆ ಅನ್ನ, ರೊಟ್ಟಿ ಬಿಟ್ಟು ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಹಾಲು. ಬೇರೆ ಥರದ ಉಪವಾಸವೂ ಇರಬಹುದೆಂದು ಹೊಳೆಯಲೇ ಇಲ್ಲ. ಬೆಳಿಗ್ಗೆ ಎದ್ದು ಶೇಂಗಾ ಹುರಿದು ಕುಟ್ಟಿ, ತುಪ್ಪ ಜಾಸ್ತಿ ಹಾಕಿ ಖಿಚಡಿ ಮಾಡಿದೆ. ಗಂಡ ಹೋದ ಮೇಲೆ ಇನ್ನೊಬ್ಬರ ಮನೆಗೆ ನಾನು ಒಯ್ದ ಮೊದಲ ತಾಟು ಅದು. ನನ್ನ ಕೈಯಿಂದ ತಗೊಳ್ಳುತ್ತಾರೋ ಇಲ್ಲವೋ... ಬಾಗಿಲಲ್ಲಿ ನಿಂತಾಗ ಕೈ ನಡುಗಿತು.

ಮಾವಶಿ ತಾಟು ನೋಡಿದರು, ನನ್ನನ್ನು ನೋಡಿದರು. "ಬಾ, ಕುಂದರು" ಎಂದರು. ನನ್ನೆದುರೇ ಕುಳಿತು ಪೂರ್ತಿ ತಿಂದರು. ನಾನು ಹಿಗ್ಗಿನಿಂದ ಮನೆಗೆ ಬಂದೆ.

ಹಿತ್ತಲಲ್ಲಿ ಬೂದಿ ಹಾಕಿ ಭಾಂಡೆ ತಿಕ್ಕುತ್ತಿದ್ದಾಗ ಗೋಡೆಯ ಆಚೆ ಅವರ ನಾದಿನಿಯ ಧ್ವನಿ ಕೇಳಿತು.

"ಮೂರು ಗಂಟೇದ ಪ್ರಾರ್ಥನಿ ತನಾ ನೀರು ಬಿಟ್ಟು ಏನೂ ಮುಟ್ಟದವರು, ಇವತ್ತ ತಾಟ್ ತುಂಬ ತಿಂದ್ರೆಲ್ಲ ವೈನಿ! ಅದೂ ನಮ್ಮಣ್ಣನ ಆಪರೇಶನ್ ಮುಂದಿಟಗೊಂಡು! ಬ್ಯಾಡ ಅನ್ನಾಕ ಬಾಯಿ ಇರಲಿಲ್ಲೇನು?"

"ಆ ಹುಡುಗಿ ಕೈ ನಡಗಾಕತ್ತಿತ್ತು" ಎಂದರು ಮಾವಶಿ. ಅಷ್ಟೇ.

ನಾನು ಭಾಂಡೆ ಅಲ್ಲೇ ಬಿಟ್ಟು ಒಳಗೆ ಬಂದೆ. ಗಂಡನನ್ನು ಕಳೆದುಕೊಂಡವಳು ನಾನು. ಇನ್ನೊಬ್ಬಾಕೆ ಗಂಡನಿಗಾಗಿ ಹಿಡಿದ ಉಪವಾಸವನ್ನು ಮುರಿಸಿ ಬಂದಿದ್ದೆ...

ಮರುದಿನ ಹಿತ್ತಲಿಗೇ ಹೋಗಲಿಲ್ಲ. ಮಾವಶಿಯೇ ತೊಳೆದ ತಾಟು ಹಿಡಿದು ಬಂದರು. ನಾನು ಬಾಗಿಲ ಹಿಂದಿನಿಂದಲೇ, "ನನ್ನಿಂದ ತಪ್ಪಾತ್ರಿ. ಕಾಕಾಗ ಏನರ ಆದರ..." ಎಂದೆ.

"ಹುಚ್ಚಿ ಅದಿ ನೀ. ದೇವರು ಅಷ್ಟು ಸಣ್ಣ ಮನಸ್ಸಿನಾಂವಲ್ಲ. ತಿಂದದ್ದಕ್ಕ ನನಗ ಚಿಂತಿಲ್ಲ. ಮತ್ತೊಂದೀಟು ತಂದಿದ್ರ ಚೊಲೋ ಇತ್ತು ಅಂತ ಆಸೆ ಆತಲ್ಲ, ಅದನ್ನ ಫಾದರ್ ಮುಂದ ತಪ್ಪಾತಂತ ಹೇಳಬೇಕು ನೋಡು!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈಸ್ಟರ್ ಆದ ಮೇಲೆ ಆಪರೇಶನ್ ಆಯಿತು. ಆ ದಿನ ನಾನು ಹನಿ ನೀರೂ ಮುಟ್ಟಲಿಲ್ಲ. ಸಂಜೆ ಅಣ್ಣ ಬಂದು "ಎಲ್ಲಾ ಚೊಲೋ ಆಗೇತಿ" ಎಂದಾಗ ಗೋಡೆಗೆ ಒರಗಿ ಅತ್ತೆ. ಕಾಕಾ ಆಮೇಲೆ ಬಹಳ ವರ್ಷ ಬದುಕಿದರು. ನನ್ನ ನಾಚಿಕೆ ಮಾತ್ರ ಹೋಗಲಿಲ್ಲ. ಮುಂದಿನ ವರ್ಷದಿಂದ ಗುಡ್ ಫ್ರೈಡೇ ದಿನ ಮೂರು ಗಂಟೆಯವರೆಗೆ, ಅವರ ಬದಲು, ನಾನು ನೀರು ಬಿಟ್ಟು ಏನೂ ಮುಟ್ಟುತ್ತಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಮನೆಯವರಿಗೆ ಹೇಳುತ್ತೇನೆ. ಮಾವಶಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಗೋಡೆಯ ತನಕ ಹೋದೆ. "ಏನ್ ತಂಗಿ?" ಎಂದರೆ, "ಏನಿಲ್ರಿ, ಕೊತ್ತಂಬರಿ ಐತೇನ್ರಿ?" ಎಂದು ಕೇಳಿ ತಿರುಗಿ ಬಂದೆ.

ಹೋದ ಮಳೆಗಾಲದಲ್ಲಿ ಮಾವಶಿ ಖಾನಾಪುರದ ತಮ್ಮನ ಮನೆಯಲ್ಲಿ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ.

ಈ ವರ್ಷದ ಗುಡ್ ಫ್ರೈಡೇಗೂ ಉಪವಾಸ ಹಿಡಿದೆ. ಮೂರು ಗಂಟೆ ದಾಟಿದ ಮೇಲೆ ನಿಮ್ಮ ಅಮ್ಮ, "ಹೊಟ್ಟಿ ಈಗ ಹೆಂಗೈತ್ರಿ ಅತ್ತಿ?" ಎಂದು ಕೇಳಿದಳು. ಆರಾಮ ಐತೆಂದೆ. ನಾನು ನಿಜ ಹೇಳಬೇಕಾಗಿದ್ದದ್ದು ಮಾವಶಿ ಒಬ್ಬರಿಗೇ; ಈಗ ಅವರೇ ಇಲ್ಲ.