ಹಾಡು ಹುಡುಕುವ ಗಣಿತದ ಟೀಚರು

ಕಲಬುರಗಿಯಿಂದ ಕಮಲಾಪುರದ ಶಾಲೆಗೆ, ಅಲ್ಲೇ ಕನ್ನಡ ಕಲಿಸುತ್ತಿದ್ದ ನನ್ನ ಜೊತೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗಣಿತದ ಟೀಚರಿಗೆ ಆಗ ಐವತ್ತು ದಾಟಿತ್ತು. ಇಳಕಲ್ ಸೀರೆಯ ಮೇಲೆ ಕಲಬುರಗಿಯ ಮೋಮಿನಪುರ ಓಣಿಯಲ್ಲಿ ಹೊಲಿಸಿದ ಜೀನ್ಸ್ ಜಾಕೀಟು ತೊಟ್ಟು, ಕಿತ್ತಳೆ ಬಣ್ಣದ ಬೂಟು ಹಾಕಿಕೊಂಡು ಬರುತ್ತಿದ್ದರು. ಯಾವುದೋ ಊರಿನ ಹುಡುಗರು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡಿದ ಹೊಸ ಸಂಗೀತವನ್ನು ಹುಡುಕಿ ಹುಡುಕಿ ಕೇಳುತ್ತಿದ್ದರು. ಇಯರ್‌ಫೋನಿನ ಒಂದು ತುದಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟು, "ಮೊದಲ ಕೇಳ್ರಿ, ಆಮ್ಯಾಲ ಬೈರಿ" ಎನ್ನುತ್ತಿದ್ದರು. ನಾನು ಬೈಯುತ್ತಿದ್ದೆ. ಅವರು ನಕ್ಕು ಇನ್ನೊಂದು ಹಾಡು ಹಚ್ಚುತ್ತಿದ್ದರು.

ಒಂದು ವರ್ಷ ಶಾಲೆಯ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ಹಿಂದಿನ ದಿನ, ವೇದಿಕೆಯ ಮೇಲೆ ಸಿನಿಮಾ ಹಾಡು ಬೇಡವೆಂದು ಹೆಡ್‌ಮಾಸ್ತರರು ಹೇಳಿಬಿಟ್ಟರು. ಅಂಥದೊಂದು ಹಾಡಿಗೆ ತಿಂಗಳಿಂದ ಕುಣಿತ ಕಲಿತಿದ್ದ ಒಂಬತ್ತನೆಯ ತರಗತಿಯ ಹುಡುಗಿಯರು ಅಳತೊಡಗಿದರು.

"ಅಳಬ್ಯಾಡ್ರಿ. ನಾವೇ ಹಾಡು ಮಾಡೋಣ, ನಡೀರಿ" ಎಂದು ಟೀಚರು ಅವರನ್ನು ಕರೆದುಕೊಂಡು ಶಾಲೆಯೆಲ್ಲ ಸುತ್ತಿದರು. ಬೆಂಚು ಬಡಿಯುವ ಸದ್ದು, ಕೈಪಂಪು ಕಿರುಗುಟ್ಟುವ ಸದ್ದು, ಬಿಸಿಯೂಟದ ತಾಟುಗಳ ಸಪ್ಪಳ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಅವನ್ನೆಲ್ಲ ಹುಡುಗಿಯರ ಹೆಜ್ಜೆಗೆ ಹೊಂದುವಂತೆ ಜೋಡಿಸಿದರು.

ಮರುದಿನ ಆ ಸಂಗೀತ ಶುರುವಾದಾಗ ಸಭೆಗೆ ಅದೇನೆಂದು ತಿಳಿಯಲಿಲ್ಲ. ಹುಡುಗಿಯರ ಹೆಜ್ಜೆಯೂ ಅಳುಕಿತು. ಆಗ ಬಿಸಿಯೂಟ ಮಾಡುವ ಅಕ್ಕ ಎದ್ದು ನಿಂತು, "ಇದು ನಮ್ಮ ತಾಟಿನ ಸಪ್ಪಳ ಅದ" ಎಂದರು. ಸಭೆಯೆಲ್ಲ ನಕ್ಕು ಚಪ್ಪಾಳೆ ಹಾಕತೊಡಗಿತು, ಹುಡುಗಿಯರು ಮೈಮರೆತು ಕುಣಿದರು.

ಕುಣಿತ ಮುಗಿದ ಕೂಡಲೇ ಹೆಡ್‌ಮಾಸ್ತರರು ಮೈಕಿನ ಹತ್ತಿರ ಬಂದರು. ಬೈಗುಳ ಬಂತೆಂದು ನಾನು ತಲೆ ತಗ್ಗಿಸಿದೆ.

"ಸಿನಿಮಾದ್ದಂತೂ ಅಲ್ಲ" ಎಂದರು ಅವರು. "ಇನ್ನೊಮ್ಮೆ ಹಚ್ರಿ, ಟೀಚರ್."