ರಮ್ಯಾಳ ಗೋಬರ್ ಗ್ಯಾಸ್

"ಮಾವ, ಸಗಣಿ ಬಾಚೋದು ತಪ್ಪಲಿ ಅಂತ ತಾನೇ ನಾನು ಟ್ರೈನಿಂಗ್‌ಗೆ ಬಂದಿದ್ದು? ಇಲ್ಲೂ ಮೊದಲ್ನೇ ದಿನಾನೇ ಸಗಣಿ ಕಲಸು ಅಂತಾರಲ್ಲ!"

ಸೂಲಿಬೆಲೆಯಲ್ಲಿರುವ ನನ್ನ ತಂಗಿ ಸುಜಾತಳ ಮಗಳು ರಮ್ಯಾ ಫೋನಿನಲ್ಲಿ ಹೀಗೆ ರೇಗಿದಾಗ ನಕ್ಕುಬಿಟ್ಟೆ. (ನಗಬಾರದಿತ್ತು.) ನವೀಕರಿಸಬಹುದಾದ ಇಂಧನದ ತರಬೇತಿ, ಎಲ್ಲ ಕೈಯಾರೆ ಮಾಡಿ ಕಲಿಯೋದು, ಹೋಗಮ್ಮಾ ಎಂದು ಅವಳನ್ನು ಒಪ್ಪಿಸಿದವನೇ ನಾನು. ಅವಳ ತಲೆಯಲ್ಲಿದ್ದದ್ದು ಸೋಲಾರ್. ಸಿಕ್ಕಿದ್ದು ಗೋಬರ್ ಗ್ಯಾಸ್. ಕೈಯಾರೆ ಎಂದರೆ ಮೊಣಕೈವರೆಗೆ ಎಂದು ಯಾರಿಗೆ ಗೊತ್ತಿತ್ತು?

ಆದರೂ ಹುಡುಗಿ ಕಲಿತಳು. ಸಗಣಿಗೆ ನೀರೆಷ್ಟು, ಪೈಪು ಎಲ್ಲಿ ಕಟ್ಟಿಕೊಳ್ಳುತ್ತದೆ, ಗ್ಯಾಸ್ ಸೋರಿದರೆ ಸೋಪಿನ ನೊರೆ ಹಚ್ಚಿ ಹೇಗೆ ಪತ್ತೆ ಮಾಡಬೇಕು, ಎಲ್ಲ. ಕೊನೆಗೆ ಮನೆಯ ಕೊಟ್ಟಿಗೆ ಪಕ್ಕದಲ್ಲೇ ಒಂದು ಪ್ಲಾಂಟ್ ಕೂರಿಸಿದಳು. ಒಲೆ ಹತ್ತಿಕೊಂಡ ದಿನ ಸುಜಾತ ಅದರಲ್ಲೇ ಕಾಫಿ ಕಾಯಿಸಿ ಬೀದಿಯವರಿಗೆಲ್ಲ ಕೊಟ್ಟಳು. ತರಬೇತಿ ಕೊಟ್ಟವರಿಗೂ ಖುಷಿ. ಊರೂರಿಗೆ ಹೋಗಿ ಪ್ಲಾಂಟ್ ಕೂರಿಸುವ ಕೆಲಸವಿದೆ, ತ್ಯಾಮಗೊಂಡ್ಲು ಕಡೆಯಿಂದ ಶುರು, ಬರ್ತೀಯಾ ಎಂದು ಕೇಳಿದರು. ರಮ್ಯಾ ಅವತ್ತೇ ಬ್ಯಾಗ್ ಜೋಡಿಸಿಕೊಂಡಳು.

ಹೋದ ಭಾನುವಾರ ನಾನು ತಂಗಿ ಮನೆಗೆ ಹೋದಾಗ ಆ ಬ್ಯಾಗ್ ಅಟ್ಟದ ಮೇಲಿತ್ತು.

"ಅವಳು ಹೋದ್ರೆ ಈ ಪ್ಲಾಂಟ್ ನೋಡ್ಕೊಳ್ಳೋರು ಯಾರಣ್ಣ?" ಎಂದಳು ತಂಗಿ. "ನಮಗೇನ್ ಗೊತ್ತಾಗುತ್ತೆ ಇದೆಲ್ಲ?"

ಅಲ್ಲಾ, ಮೊದಲು ಕೊಟ್ಟಿಗೆ ಕೆಲಸವನ್ನು ಮನೆಯವರೆಲ್ಲ ಹಂಚಿಕೊಂಡು ಮಾಡುತ್ತಿದ್ದರು. ಈಗ ಸಗಣಿ ಟೆಕ್ನಿಕಲ್ ವಿಷಯವಾಗಿಬಿಟ್ಟಿದೆ! ರಮ್ಯಾಳ ತಮ್ಮ ಕಿರಣನಂತೂ ಬಕೆಟ್ ಮುಟ್ಟುವುದನ್ನೇ ಬಿಟ್ಟಿದ್ದಾನೆ.

"ನೀನೂ ಕಲ್ತ್ಕೊಳ್ಳೋ, ಅವಳು ಹೋಗ್ಲಿ," ಎಂದೆ.

"ಎಕ್ಸ್‌ಪರ್ಟ್ ಅವಳಲ್ವಾ ಮಾವ? ನಾವ್ ಕೈ ಹಾಕಿ ಕೆಟ್ಟೋದ್ರೆ?" ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ ಭೂಪ.

ಸಿಟ್ಟು ಬಂತು. ಆದರೆ ನಮ್ಮ ಮನೆಗಳಲ್ಲಿ ಇದು ಹೊಸದೇ? ಚಪಾತಿ ಚೆನ್ನಾಗಿ ಮಾಡುತ್ತಾಳೆ ಎಂದು ಒಮ್ಮೆ ಹೆಸರು ಬಂದರೆ ಮುಗಿಯಿತು, ಅವಳು ಜೀವನವಿಡೀ ಲಟ್ಟಿಸಬೇಕು. ಗಂಡಸರು ಜಾಣರು, ಕಲಿಯುವುದೇ ಇಲ್ಲ. (ನನಗೆ ಇವತ್ತಿಗೂ ಕುಕ್ಕರ್ ಇಡಲು ಬರುವುದಿಲ್ಲ.) ಹೆಣ್ಣುಮಕ್ಕಳಿಗೆ ಒಂದು ಕೆಲಸ ಕಲಿಸಿ, ತಮ್ಮ ಕಾಲ ಮೇಲೆ ತಾವು ನಿಲ್ಲುತ್ತಾರೆ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ! ರಮ್ಯಾ ನಿಂತಿದ್ದಾಳೆ, ಕೊಟ್ಟಿಗೆಯಲ್ಲಿ.

ಹೊರಡುವಾಗ ಅವಳು ಸಗಣಿ ಕಲಸಿ ಕೈ ತೊಳೆಯುತ್ತಿದ್ದಳು. ನನ್ನ ಮುಖ ನೋಡದೆ ಕೇಳಿದಳು:

"ಮಾವ, ಕಲ್ತಿದ್ದನ್ನ ಮರೆಯೋಕೆ ಎಲ್ಲಾದ್ರೂ ಟ್ರೈನಿಂಗ್ ಕೊಡ್ತಾರಾ?"