ದಾಲ್‌ಮಿಲ್ ಕಾಲೇಜು ನೋಡಲು ಹೋದ ಕರುಣಾ

ಔರಾದಿನ ಬಸ್‌ಸ್ಟ್ಯಾಂಡಿನ ಎದುರು ಆನ್‌ಲೈನ್ ಸೆಂಟರ್ ನಡೆಸುವ ಕರುಣಾಳ ಮನಸ್ಸು ಒಂದು ಕೆಲಸದಲ್ಲಿ ಬಹಳ ಕಾಲ ನಿಂತದ್ದೇ ಇಲ್ಲ. ಪಿಯುಸಿ ಮುಗಿದ ಬೇಸಿಗೆಯಲ್ಲೇ ಮನ್ನಳ್ಳಿಯಿಂದ ಸೊಸೆಯಾಗಿ ಬಂದವಳು, ಮೊದಲು ಹೊಲಿಗೆ ಕಲಿತಳು, ಬಿಟ್ಟಳು. ಬ್ಯೂಟಿ ಪಾರ್ಲರ್ ಇಟ್ಟಳು, ಮುಚ್ಚಿದಳು. ವಿಮೆ ಏಜೆಂಟಾಗಿ ಹಳ್ಳಿ ಹಳ್ಳಿ ತಿರುಗಿದಳು, ಅದೂ ಸಾಕಾಯಿತು. ಈ ಸೆಂಟರ್ ಮಾತ್ರ ಉಳಿದುಕೊಂಡಿತ್ತು, ಯಾಕೆಂದರೆ ಇಲ್ಲಿಗೆ ದಿನಾ ಹೊಸ ಮುಖ, ಹೊಸ ಗೋಳು ಬರುತ್ತಿದ್ದವು.

ಅತ್ತೆ ಶಾಲುಬಾಯಿ ಅನ್ನುತ್ತಿದ್ದಳು: "ಇಕಿ ಕಾಲಾಗ ಗಾಲಿ ಅವ. ಕುಂತ್ರೂ ತಿರಗತಾವ."

ಜೂನ್ ಬಂತೆಂದರೆ ಸೆಂಟರಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ತಾಲ್ಲೂಕಿನ ಮಕ್ಕಳೆಲ್ಲ ಕಾಲೇಜಿನ ಅರ್ಜಿ ತುಂಬಿಸಲು ಬರುವವರೇ. "ಯಾವ ಕೋರ್ಸ್ ಹಾಕ್ಲೆವ್ವಾ?" ಎಂದು ಕೇಳಿದರೆ ಹುಡುಗಿ ಅಪ್ಪನ ಮುಖ ನೋಡುತ್ತಿತ್ತು, ಅಪ್ಪ ಪಕ್ಕದವನ ಮುಖ ನೋಡುತ್ತಿದ್ದ. ಕರುಣಾ ಸಿಡಿಮಿಡಿಗೊಳ್ಳುತ್ತಿದ್ದಳು. "ಚಪ್ಪಲಿ ತಗೊಳ್ಳಾಗ ಹತ್ತು ಅಂಗಡಿ ತಿರಗ್ತೀರಿ. ಮೂರು ವರ್ಷ ಕೂಡೋ ಕಾಲೇಜು ಒಮ್ಮೆರ ಹೋಗಿ ನೋಡೀರೇನು?" ಹೀಗೆ ಬೈಯುವಾಗೆಲ್ಲ ಅವಳೊಳಗೆ ಏನೋ ಚುರ್ ಎನ್ನುತ್ತಿತ್ತು. ಇಷ್ಟು ಜನರನ್ನು ಕಾಲೇಜಿಗೆ ಕಳಿಸಿದವಳು ತಾನು ಪಿಯುಸಿಯ ಆಚೆಗೆ ಒಂದರ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಅಂಥ ಒಂದು ಜೂನಿನಲ್ಲಿ ಭಾಲ್ಕಿಯಿಂದ ಬಂದ ಗುಮಾಸ್ತನೊಬ್ಬ ಕರಪತ್ರದ ಝೆರಾಕ್ಸ್ ತೆಗೆಸಿದ. ಹೊಸದಾಗಿ ಶುರುವಾದ ಸಣ್ಣ ಖಾಸಗಿ ಕಾಲೇಜು. ಮುಚ್ಚಿದ ತೊಗರಿಬೇಳೆ ಗಿರಣಿಯ ಕಟ್ಟಡದಲ್ಲಿ ನಡೆಯುತ್ತಿದ್ದರಿಂದ ಜನ ಅದನ್ನು ದಾಲ್‌ಮಿಲ್ ಕಾಲೇಜು ಎಂದೇ ಕರೆಯುತ್ತಿದ್ದರಂತೆ. ಮೊದಲ ವರ್ಷ ಎಲ್ಲರೂ ಎಲ್ಲವನ್ನೂ ಓದಬೇಕು: ಚರಿತ್ರೆ, ಗಣಿತ, ಸಾಹಿತ್ಯ, ಗಿಡಮರದ ಶಾಸ್ತ್ರ, ತತ್ವಶಾಸ್ತ್ರ. ಆಮೇಲೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಕೆಳಗೆ ಸಣ್ಣ ಅಕ್ಷರದಲ್ಲಿ, 'ವಯಸ್ಸಿನ ಮಿತಿ ಇಲ್ಲ.'

ಗುಮಾಸ್ತ ಹೋದ ಮೇಲೆ ಕರುಣಾ ಎರಡು ಸಲ ಎದ್ದಳು, ಎರಡು ಸಲ ಕೂತಳು. ಯಾರದೋ ಅರ್ಜಿಯಲ್ಲಿ ಹುಟ್ಟಿದ ತಾರೀಖು ತಪ್ಪು ಹೊಡೆದಳು. ಆ ವಾರವೆಲ್ಲ ಅದೇ ಗತಿ. ಪಲ್ಯಕ್ಕೆ ಉಪ್ಪು ಬೀಳಲಿಲ್ಲ, ಚಹಾಕ್ಕೆ ಎರಡು ಸಲ ಸಕ್ಕರೆ ಬಿತ್ತು. ಕೊನೆಗೆ ವಿಷಯ ತಿಳಿದ ಶಾಲುಬಾಯಿಯೇ ಹೇಳಿದಳು: "ಓದ್ತಿಯೋ ಬಿಡ್ತಿಯೋ, ಒಮ್ಮೆ ಹೋಗಿ ನೋಡಿ ಬಾ ಮಾರಾಯ್ತಿ. ನಮಗರ ಉಪ್ಪಿನ ಪಲ್ಯ ಸಿಗಲಿ."

ಶನಿವಾರ ಭಾಲ್ಕಿಗೆ ಹೋದಳು. ಅದೇ ಗುಮಾಸ್ತ ಎದುರಿಗೆ ಬಂದು, "ಬರ್ರಿ ಬರ್ರಿ. ಮಗಳದ್ದು ಪಿಯುಸಿದಾಗ ಯಾವ ಗ್ರೂಪ್ ಇತ್ರಿ?" ಎಂದ.

ಅವಳಿಗಿದ್ದವನು ಒಬ್ಬನೇ ಮಗ, ಬೀದರಿನ ಹಾಸ್ಟೆಲಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ. ಆದರೂ ಬಾಯಿಂದ "ಆರ್ಟ್ಸ್ ರೀ" ಎಂದು ಬಂದುಬಿಟ್ಟಿತು. ಇಲ್ಲದ ಮಗಳ ತಾಯಿಯಾಗಿ ಇಡೀ ಕಾಲೇಜು ತಿರುಗಿದಳು. ಬೇಳೆ ಒಣಗಿಸುತ್ತಿದ್ದ ಅಂಗಳದಲ್ಲಿ ಈಗ ಬೇವಿನ ಸಸಿಗಳು. ಗ್ರಂಥಾಲಯದಲ್ಲಿ ಗಾಜಿನ ಕಪಾಟು, ಕಪಾಟಿಗೆ ಬೀಗ. ಕಂಪ್ಯೂಟರುಗಳ ಮೇಲೆ ಹೊದಿಕೆ. ಎಲ್ಲವೂ ಲಗ್ನದ ಮನೆಯಂತೆ ಚೊಕ್ಕ. ವಾಪಸು ಬಸ್ಸಿನಲ್ಲಿ ಕೂತಾಗ ಮಾತ್ರ ಕಸಿವಿಸಿಯಾಯಿತು. ಎಲ್ಲ ತೋರಿಸಿದರು ಸರಿ. ಪಾಠ ಹೇಳುವುದನ್ನೇ ತೋರಿಸಲಿಲ್ಲವಲ್ಲ!

ಮುಂದಿನ ಮಂಗಳವಾರ ಹೇಳದೆ ಕೇಳದೆ ಹೋದಳು. ಒಂದು ಕೋಣೆಯಲ್ಲಿ ಚರಿತ್ರೆಯ ಪಾಠ ನಡೆದಿತ್ತು. ಬಾಗಿಲಲ್ಲಿ ನಿಂತು, "ಕೂಡ್ಲೇನ್ರಿ?" ಎಂದಳು. ಪಾಠ ಹೇಳುತ್ತಿದ್ದ ಜಹೀರೋದ್ದೀನ ಸರ್ ಯಾರು, ಏನು ಎಂದು ಕೇಳದೆ ಹಿಂದಿನ ಬೆಂಚು ತೋರಿಸಿದರು. ಬೀದರಿನ ನೆಲದೊಳಗಿನ ಹಳೆಯ ನೀರಿನ ಸುರಂಗಗಳ ಮೇಲೆ ಚರ್ಚೆ ನಡೆದಿತ್ತು. ಆ ನೀರು ಊರಿನ ಎಲ್ಲರಿಗೂ ಸಿಗುತ್ತಿತ್ತೋ ಇಲ್ಲವೋ ಎಂಬುದು ಪ್ರಶ್ನೆ.

ಕರುಣಾ ಸುಮ್ಮನೆ ಕೂಡಬೇಕೆಂದೇ ಬಂದಿದ್ದಳು. ಆಗಲಿಲ್ಲ. "ಎಲ್ಲಾರಿಗೂ ಹ್ಯಾಂಗ ಸಿಕ್ಕೀತ್ರಿ? ನಮ್ಮ ಅಜ್ಜಿ, ಆಯಿ ಅಂತಿದ್ವಿ, ಮನ್ನಳ್ಳಿ ಬಾವಿ ಹತ್ರ ಕೊಡ ಹಿಡ್ಕೊಂಡು ನಿಂದರತಿದ್ಳು. ಮ್ಯಾಲಿನ ಜಾತಿಯವರು ಯಾರರ ಬಂದು ಸುರುವಿದ್ರೇ ನೀರು."

ಎಲ್ಲರೂ ತಲೆಯಾಡಿಸುತ್ತಾರೆ ಅಂದುಕೊಂಡಳು. ಆದರೆ ಮುಂದಿನ ಬೆಂಚಿನ ಸುಮನ ಎಂಬ ಹುಡುಗಿ ತಿರುಗಿ ಕೂತು, "ಅದು ನಿಮ್ಮ ಆಯಿ ಕಾಲದ ಮಾತಾತ್ರಿ. ನಾವು ಕೇಳ್ತಿರೋದು ಐದುನೂರು ವರ್ಷದ ಹಿಂದಿನ ಬೀದರಿನ ಮಾತು. ಇದರ ಮ್ಯಾಲಿಂದ ಅದನ್ನ ಹ್ಯಾಂಗ ಹೇಳ್ತೀರಿ?" ಎಂದಳು.

ಕರುಣಾಳ ಮುಖ ಕಾದ ಹಂಚಿನಂತಾಯಿತು. ಸರ್ ಅವಳ ಪರ ವಹಿಸಲಿಲ್ಲ, ಸುಮನಳ ಪರವೂ ವಹಿಸಲಿಲ್ಲ. "ಆಯಿ ಹೇಳಿದ ಮಾತು ಚರಿತ್ರೆಗೆ ಪುರಾವೆ ಹೌದೋ ಅಲ್ಲೋ, ನಾಳೆ ಎಲ್ಲಾರೂ ವಿಚಾರ ಮಾಡ್ಕೊಂಡು ಬರ್ರಿ" ಎಂದು ಹೊರಟುಬಿಟ್ಟರು.

ಕರುಣಾ ಅಂಗಳಕ್ಕೆ ಬಂದಳು. ಸಿಟ್ಟು ಬಂದಿತ್ತು, ಖರೆ. ಆದರೆ ಇಷ್ಟು ವರ್ಷದಲ್ಲಿ ಯಾರೂ ಅವಳ ಮಾತನ್ನು ಹೀಗೆ ಹಿಡಿದು ನಿಲ್ಲಿಸಿ ಕೇಳಿರಲಿಲ್ಲ. ಬೈದಿದ್ದರು, ನಕ್ಕಿದ್ದರು, ಹೂಂಗುಟ್ಟಿದ್ದರು, ಅಷ್ಟೇ.

ಸುಮನ ಹಿಂದೆಯೇ ಬಂದಳು. "ಸಿಟ್ಟಾದ್ರೇನ್ರಿ? ನೀವು ಯಾರ ಮಮ್ಮಿ?"

"ಇಲ್ಲಿ ನಾ ಯಾರ ಮಮ್ಮಿನೂ ಅಲ್ಲ. ನಾನೇ ಸೇರಬೇಕಂತ ನೋಡ್ಲಿಕ್ಕ ಬಂದೀನಿ."

ಹುಡುಗಿ ಒಂದು ಗಳಿಗೆ ಕಣ್ಣರಳಿಸಿದಳು. ಆಮೇಲೆ ದನಿ ತಗ್ಗಿಸಿ, "ಹಂಗಂದ್ರ ಖರೇ ಹೇಳ್ತೇನಿ ಅಕ್ಕಾ. ಲೈಬ್ರರಿ ಕೀಲಿ ಗುಮಾಸ್ತರ ಕಿಸೆದಾಗ ಇರ್ತದ, ಅವರು ರಜಾ ಇದ್ರ ಪುಸ್ತಕಕ್ಕೂ ರಜಾ. ಪಾಯಖಾನಿ ಎರಡೇ ಅವ. ಮಾಸ್ತರು ಛಲೋ ಇದ್ದಾರ. ಆದ್ರ ಬಿಟ್ಟು ಹೋದವರನ್ನೂ ಒಮ್ಮೆ ಕೇಳ್ರಿ. ಕಲೀಮ ಅಂತ ಒಬ್ಬಾಂವ ಇದ್ದ, ಈಗ ಬೀದರದಾಗ ಮೊಬೈಲ್ ಅಂಗಡ್ಯಾಗ ಇದ್ದಾನ" ಎಂದಳು.

ಗುರುವಾರ ಕರುಣಾ ಸೆಂಟರಿಗೆ ಬೀಗ ಹಾಕಿ ಬೀದರಿಗೆ ಹೊರಟಳು. ಬಸ್ಸು ಜನವಾಡದಲ್ಲಿ ನಿಂತಾಗ, ಇಳಿದು ವಾಪಸು ಹೋಗಿಬಿಡಲೇ ಅನಿಸಿತು. ಗುರುತಿಲ್ಲದ ಹುಡುಗನ ಮುಂದೆ ಹೋಗಿ ಏನೆಂದು ಕೇಳುವುದು? ಅಷ್ಟರಲ್ಲಿ ಬಸ್ಸು ಬಿಟ್ಟಿತು. ಬೀದರಿನ ಚೌಬಾರಾ ಗೋಪುರದ ಹತ್ತಿರದ ಸಣ್ಣ ಅಂಗಡಿಯಲ್ಲಿ ಕಲೀಮ ಯಾರದೋ ಫೋನು ಬಿಚ್ಚಿಟ್ಟುಕೊಂಡು ಕೂತಿದ್ದ. ಅವಳು ಬಂದ ಕಾರಣ ಕೇಳಿ ಮೊದಲು ನಕ್ಕ, ಆಮೇಲೆ ಸ್ಟೂಲು ಸರಿಸಿದ.

"ಕಾಲೇಜು ಖರಾಬ್ ಇಲ್ಲ ಅಕ್ಕಾ. ಸಣ್ಣದದ, ಅಷ್ಟೇ. ನಾ ಭೂಗೋಳಕ್ಕಂತ ಸೇರಿದ್ದೆ. ನಕಾಶಿ ಅಂದ್ರ ನನಗ ಜೀವ. ಭೂಗೋಳದ ಸರ್ ಒಬ್ಬರೇ ಇದ್ರು. ಅವರಿಗೆ ಸರ್ಕಾರಿ ನೌಕರಿ ಸಿಕ್ತು, ಹೋದ್ರು. ದೊಡ್ಡ ಕಾಲೇಜಿನಾಗ ಒಬ್ಬರು ಹೋದ್ರ ಇನ್ನೊಬ್ಬರು ಇರ್ತಾರ. ಇಲ್ಲಿ ಮಾಸ್ತರು ಹೋದ್ರು ಅಂದ್ರ ವಿಷಯನೇ ಹೋತು."

"ಬಿಟ್ಟದ್ದಕ್ಕ ಪಶ್ಚಾತ್ತಾಪ ಅದ ಏನಪಾ?"

ಕಲೀಮ ಸ್ಕ್ರೂಡ್ರೈವರ್ ಕೆಳಗಿಟ್ಟ. "ಕೆಲವು ದಿನ ಅದ, ಕೆಲವು ದಿನ ಇಲ್ಲ. ಅಲ್ಲಿ ಇದ್ದಾಗ ಮಾತ್ರ ಖಾಲಿ ಕುಂತಿರಲಿಲ್ಲ ನೋಡ್ರಿ. ಹತ್ತು-ಹದಿನೈದು ಮಂದಿ ಇರೋ ಕ್ಲಾಸಿನಾಗ ಅಡಗಿ ಕೂಡ್ಲಿಕ್ಕ ಜಾಗಾನೇ ಇಲ್ಲ."

ಕರುಣಾ ಮತ್ತೆ ಭಾಲ್ಕಿಗೆ ಹೋಗಿ ನೇರವಾಗಿ ಪ್ರಿನ್ಸಿಪಾಲ್ ಬಸವೇಶ್ವರಿ ಮೇಡಂ ಎದುರು ಕೂತಳು. ಮಗಳ ಸುಳ್ಳನ್ನು ಮೊದಲೇ ಹೇಳಿ ಹಗುರಾದಳು. ಆಮೇಲೆ ಲೈಬ್ರರಿಯ ಕೀಲಿ, ಭೂಗೋಳದ ಸರ್, ಎಲ್ಲ ಕೇಳಿದಳು. "ಮೂರು ವರ್ಷ ಎಲ್ಲಾ ವಿಷಯಕ್ಕೂ ಮಾಸ್ತರು ಇರ್ತಾರಂತ ಖಾತ್ರಿ ಕೊಡ್ತೀರೇನ್ರಿ?"

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕೀಲಿದು ನಾಳೆನೇ ಸರಿ ಮಾಡ್ತೇನ್ರಿ. ಮಾಸ್ತರದು ಖಾತ್ರಿ ಕೊಡ್ಲಿಕ್ಕ ಆಗಂಗಿಲ್ಲ. ಕೊಟ್ರ ಸುಳ್ಳಾಗ್ತದ."

ಖಾತ್ರಿ ಸಿಗದೆ ಮನೆಗೆ ಬಂದ ಮೇಲೆ ಚಡಪಡಿಕೆ ಇನ್ನೂ ಹೆಚ್ಚಾಯಿತು. ಸುಳ್ಳು ಹೇಳದ ಪ್ರಿನ್ಸಿಪಾಲರನ್ನು ನಂಬಬೇಕೋ, ಅವರೇ ಒಪ್ಪಿಕೊಂಡ ಕೊರತೆ ಕಂಡು ಹಿಂದೆ ಸರಿಯಬೇಕೋ? ಬೆಳಿಗ್ಗೆ ಬೇಕು ಅನಿಸಿದ್ದು ಸಂಜೆಗೆ ಬೇಡವಾಗುತ್ತಿತ್ತು. ಗಂಡ ವಿಶ್ವಾಸ ಕರೆಂಟ್ ಇಲಾಖೆಯ ಲೈನ್‌ಮನ್. ಮಾತು ಕಡಿಮೆ. ಒಂದು ಸಂಜೆ ಅವನ ಮುಂದೆ ಎಲ್ಲ ತೋಡಿಕೊಂಡಳು.

"ಮತ್ತ ಹೊಲಿಗಿ ಹಂಗ ಇದನ್ನೂ ಬಿಟ್ಟರ?" ಎಂದ ಅವನು.

ಅವಳಿಗೆ ಚುಚ್ಚಿತು. ಯಾಕೆಂದರೆ ಒಳಗಿನ ಅಂಜಿಕೆ ಅದೇ ಆಗಿತ್ತು. ಮಾಸ್ತರು ಬಿಟ್ಟುಹೋಗುವುದರ ಬಗ್ಗೆ ಊರೂರು ತಿರುಗಿ ವಿಚಾರಿಸಿದ್ದಳು. ತಾನು ಬಿಟ್ಟುಬಂದರೆ ಎಂಬುದನ್ನು ಯಾರನ್ನೂ ಕೇಳಿರಲಿಲ್ಲ. "ಬಿಟ್ಟರ ಬಿಡ್ತೇನ್ರಿ," ಎಂದಳು. "ಆದ್ರ ಆ ಹುಡುಗಿಗೆ ನಾ ಇನ್ನೂ ಉತ್ತರ ಕೊಟ್ಟಿಲ್ಲ."

ವಿಶ್ವಾಸ ನಕ್ಕು, "ಹಂಗಾದ್ರ ಹೋಗು. ಉತ್ತರ ಕೊಡೋತನ ಇಲ್ಲಿ ಮನ್ಯಾಗ ನೀ ಯಾರನ್ನೂ ಸುಮ್ಮ ಬಿಡಂಗಿಲ್ಲ" ಎಂದ.

ಸೇರಿದಳು. ಬೆಳಗಿನ ಬಸ್ಸಿಗೆ ಭಾಲ್ಕಿ, ಮಧ್ಯಾಹ್ನ ಮೂರರ ಮೇಲೆ ಸೆಂಟರ್. ಗಿರಾಕಿಗಳು ಗೊಣಗಿದರು, ಆಮೇಲೆ ಹೊಂದಿಕೊಂಡರು. ಅವಳು ಅಂಜಿದ್ದು ದೀಪಾವಳಿಯ ಹೊತ್ತಿಗೇ ಆಯಿತು. ತತ್ವಶಾಸ್ತ್ರ ಹೇಳುತ್ತಿದ್ದವರು ಕಲಬುರಗಿಗೆ ಹೋಗಿಬಿಟ್ಟರು. ಆ ದಿನ ಕರುಣಾ ಬ್ಯಾಗು ತೆಗೆದುಕೊಂಡು ಗೇಟಿನತನಕ ಬಂದಿದ್ದಳು. ಗೇಟಿನಲ್ಲಿ ನಿಂತು ಯೋಚಿಸಿ ತಿರುಗಿ ಹೋಗಿ, ಹುಡುಗ ಹುಡುಗಿಯರನ್ನೆಲ್ಲ ಕಟ್ಟಿಕೊಂಡು ಮೇಡಂ ಕೋಣೆಯಲ್ಲಿ ಕೂತಳು. ಬೇರೆಯವರು ಸಿಗುವತನಕ ಏಳುವುದಿಲ್ಲ ಎಂದು ಹಟ ಹಿಡಿದಳು. ಕೆಲವು ವಾರ ಮೇಡಂ ತಾವೇ ಆ ಪಾಠ ತೆಗೆದುಕೊಂಡರು. ಅದು ಸಪ್ಪೆಯಾಗಿತ್ತು, ಕರುಣಾ ಹಾಗೆಂದು ಮುಖದ ಮೇಲೇ ಹೇಳಿದಳು. ಸಂಕ್ರಾಂತಿ ಕಳೆದ ಮೇಲೆ ಬೀದರಿನಲ್ಲಿ ಮಾಸ್ತರಾಗಿದ್ದು ನಿವೃತ್ತರಾದ ಅಬ್ದುಲ ಸಮದ ಸರ್ ವಾರಕ್ಕೆರಡು ದಿನ ಬರತೊಡಗಿದರು.

ಈಗ ಎರಡನೆಯ ವರ್ಷ. ಸುಮನಳ ಪ್ರಶ್ನೆಗೆ ಉತ್ತರ ಹುಡುಕುತ್ತ ಚರಿತ್ರೆಯನ್ನೇ ಆರಿಸಿಕೊಂಡಿದ್ದಾಳೆ. ಗಣಿತದಲ್ಲಿ ಮಾತ್ರ ಒಮ್ಮೆ ನಪಾಸಾಗಿ ಮತ್ತೆ ಪರೀಕ್ಷೆ ಕಟ್ಟಿದ್ದಾಳೆ. ಮುಂದೇನು ಎಂಬುದನ್ನು ಅವಳು ಇನ್ನೂ ನಿರ್ಧರಿಸಿಲ್ಲ. ಈ ಕಾಲೇಜೇ ಸರಿಯಾಗಿತ್ತೋ, ಬೀದರಿನ ದೊಡ್ಡ ಕಾಲೇಜು ಸರಿಯಿತ್ತೋ ಎಂಬ ಹೊಯ್ದಾಟ ಪರೀಕ್ಷೆ ಹತ್ತಿರ ಬಂದಾಗ ಇನ್ನೂ ಕಾಡುತ್ತದೆ. ಆದರೂ ಬೆಳಗಿನ ಬಸ್ಸನ್ನು ಅವಳು ತಪ್ಪಿಸಿಕೊಂಡದ್ದು ಕಡಿಮೆ.